ನಿಮಗಿದು ಗೊತ್ತೆ? ಉದುರಿದ ಹಲ್ಲಿಗೆ ಹಾಲೇ ಆಸರೆ
ಪೆಟ್ಟು ಬಿದ್ದು ಬೇರುಸಹಿತ ಕಿತ್ತುಬಂದ ಹಲ್ಲನ್ನು ಶುದ್ಧ ನೀರು ಕೊಲ್ಲುತ್ತದೆ, ತಣ್ಣನೆಯ ಹಾಲು ಕಾಯುತ್ತದೆ! ಹಲ್ಲನ್ನು ದವಡೆಗೆ ಹಿಡಿದಿಡುವುದು ಬೇರಿನ ಸುತ್ತಲಿನ ತೆಳು ಪೊರೆ. ನೀರಿನಲ್ಲಿ ಲವಣಾಂಶ ತೀರಾ ಕಡಿಮೆ. ಹಾಗಾಗಿ ಅದು ಪೊರೆಯ ಜೀವಕೋಶಗಳೊಳಗೆ ನುಗ್ಗಿ ಅವನ್ನು ಒಡೆಯುತ್ತದೆ. ಹಾಲಿನ ಸಾಂದ್ರತೆ ನಮ್ಮ ದೇಹದ್ರವಕ್ಕೆ ಹತ್ತಿರ; ಅದರಲ್ಲಿ ಕೋಶಗಳು ಕೆಲವು ತಾಸು ಬದುಕಿಯಾವು. ಕರವಸ್ತ್ರದಲ್ಲಿ ಸುತ್ತಿಟ್ಟು ಒಣಗಿಸಿದರೆ ಒಂದು ತಾಸಿನೊಳಗೇ ಬಹುಪಾಲು ಸಾಯುತ್ತವೆ. ದಂತವೈದ್ಯರು ದೂರವಿದ್ದರೆ ಇದೇ ಕಷ್ಟ. ಉದಾಹರಣೆಗೆ, ನವಲಗುಂದದಿಂದ ಹುಬ್ಬಳ್ಳಿಗೆ ಸುಮಾರು 35 ಕಿ.ಮೀ.; ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಇನ್ನೂ ಆಚೆ. ಬಸ್ಸು ಹಿಡಿದು ಹೋಗುವಷ್ಟರಲ್ಲೇ ಆ ತಾಸು ಮುಗಿದೀತು. ಲೋಟ ಹಾಲಿನ ಮಹತ್ವ ಪೇಟೆಗಿಂತ ದೂರದ ಊರುಗಳಲ್ಲೇ ಹೆಚ್ಚು ಎನ್ನುವುದು ಅದಕ್ಕೇ.

ಮಣ್ಣು ಮೆತ್ತಿದ್ದರೆ ತಿಕ್ಕಿ ತೊಳೆಯಬೇಡವೇ? ಬೇಡ. ತಿಕ್ಕಿದರೆ ಮಣ್ಣಿನ ಜತೆ ಪೊರೆಯೂ ಹೋಗುತ್ತದೆ. ಬೇರು ಮುಟ್ಟದೆ, ಬಿಳಿ ಭಾಗ ಹಿಡಿದು ಹಾಲಿನಲ್ಲೇ ಮೆಲ್ಲಗೆ ಜಾಲಿಸಿದರೆ ಸಾಕು. ಸ್ಥಳದಲ್ಲೇ ಕುಳಿಗೆ ಮರಳಿ ಕೂರಿಸುವುದು ಇನ್ನೂ ಉತ್ತಮ. ಧೈರ್ಯ ಸಾಲದಿದ್ದರೆ ಹಾಲಿನಲ್ಲಿಟ್ಟು ದಂತವೈದ್ಯರತ್ತ ಓಡಿ. ‘ಮುಂದೆ ಕೃತಕ ಹಲ್ಲು ಇದ್ದೇ ಇದೆಯಲ್ಲ’ ಎನ್ನಬಹುದು. ಆದರೆ ಬೆಳೆಯುವ ಮಕ್ಕಳ ದವಡೆಗೆ ಇಂಪ್ಲಾಂಟ್ ಹೊಂದದು. ಬೆಳವಣಿಗೆ ಮುಗಿಯುವವರೆಗೆ, ಅಂದರೆ ಸಾಮಾನ್ಯವಾಗಿ 18ರ ಆಸುಪಾಸಿನವರೆಗೆ ಕಾಯಬೇಕು. ಹಾಲುಹಲ್ಲಿಗೆ ಮಾತ್ರ ಈ ಉಪಚಾರವಿಲ್ಲ. ಅದನ್ನು ಮರಳಿ ಕೂರಿಸಿದರೆ ಒಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿಗೆ ಪೆಟ್ಟಾದೀತು.