ಜೆಲ್ ಬೇಡ, ಬಣ್ಣ ಬೇಡ. ಮೊಟ್ಟೆಯ ಹಳದಿ ಸಾಕು

ಮದುವೆ, ಮದರಂಗಿ, ಅಖೀಕ, ಮಕ್ಕಳ ಕುರ್‌ಆನ್ ಖತಂ, ಪೆರ್ನಾಲ್... ಈಗ ನಮ್ಮ ಮನೆಗಳಲ್ಲಿ ಯಾವ ಸಂತೋಷದ ಸಂದರ್ಭ ಬಂದರೂ ನೈಪತ್ತಿರ್, ಬಿರಿಯಾನಿ ಜೊತೆ ಕೇಕೂ ಬಂದೇ ಬರುತ್ತದೆ. ಒಂದು ಕಾಲದಲ್ಲಿ ಕೇಕ್ ಅಂದರೆ ಬೇಕರಿಯಿಂದ ತರುವ ತಿಂಡಿ. ಇವತ್ತು ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರು ಕಡೆ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಕೇಕ್ ಮಾಡಿ, ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ, ಆರ್ಡರ್ ಹಿಡಿದು ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಒಳ್ಳೆಯ ವಿಷಯ.

ಆದರೆ ಹೆಚ್ಚಿನವರ ಕೆಲಸ ಶುರುವಾಗುವುದು ಪ್ರೀಮಿಕ್ಸ್ ಪ್ಯಾಕೆಟಿನಿಂದ. ಪುಡಿಗೆ ನೀರು, ಎಣ್ಣೆ ಹಾಕಿ ಬೀಟ್ ಮಾಡಿದರೆ ಮುಗಿಯಿತು. ಸುಲಭ ನಿಜ, ಆದರೆ ಅದರ ಬೆನ್ನಿಗೇ ಮೂರು ಪ್ರಶ್ನೆಗಳು ಬರುತ್ತವೆ. ಇದರಲ್ಲಿ ಹಾಕಿದ್ದೆಲ್ಲ ಹಲಾಲಾ? ಮಾರನೇ ದಿನಕ್ಕೆ ಕೇಕ್ ಒಣಗುವುದು ಯಾಕೆ? ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವುದೆಷ್ಟು? ಮೂರಕ್ಕೂ ಉತ್ತರ ಬೇಕಾದರೆ ಅಡಿಪಾಯದ ಒಂದು ಸಾದಾ ಕೇಕನ್ನು ಮೊದಲಿನಿಂದ ಕೊನೆಯವರೆಗೆ ಸ್ವಂತ ಕೈಯಲ್ಲಿ ಮಾಡಲು ಕಲಿಯಬೇಕು. ಅದುವೇ ತಿಳಿ ಹಳದಿ ಬಣ್ಣದ, ಮೆತ್ತಗಿನ, ಬೆಣ್ಣೆ ಪರಿಮಳದ ಕೇಕ್.

ಹಳದಿ ಬರುವುದು ಎಲ್ಲಿಂದ?

ಅಮೆರಿಕದ ಮನೆಗಳಲ್ಲಿ ಇದನ್ನು ‘ಯೆಲ್ಲೋ ಕೇಕ್’ ಅನ್ನುತ್ತಾರೆ. ಮೊಟ್ಟೆಯ ಬಿಳಿ ಮಾತ್ರ ಹಾಕಿದರೆ ‘ವೈಟ್ ಕೇಕ್’, ಹಳದಿಯೂ ಸೇರಿದರೆ ‘ಯೆಲ್ಲೋ ಕೇಕ್’. ಹೆಸರು ಬಂದದ್ದೇ ಮೊಟ್ಟೆಯಿಂದ, ಬಣ್ಣದ ಬಾಟಲಿಯಿಂದ ಅಲ್ಲ. ಮೊಟ್ಟೆಯ ಹಳದಿಗೆ ಬಣ್ಣ ಬರುವುದು ಕೋಳಿ ತಿನ್ನುವ ಆಹಾರದಿಂದ. ಸೊಪ್ಪು, ಹುಲ್ಲು ಮೇಯುವ ಊರ ಕೋಳಿಯ ಮೊಟ್ಟೆ ಹಾಕಿದರೆ ಕೇಕಿನ ಬಣ್ಣ ಸಾಮಾನ್ಯವಾಗಿ ಇನ್ನೂ ಗಾಢ. ಫಾರಂ ಮೊಟ್ಟೆಯಾದರೆ ತಿಳಿ ಹಳದಿ. ಎರಡೂ ಚೆಂದವೇ.

ಹಳದಿ ಭಾಗ ಕೊಡುವುದು ಬಣ್ಣ ಒಂದನ್ನೇ ಅಲ್ಲ. ಅದರಲ್ಲಿ ಲೆಸಿಥಿನ್ ಎಂಬ ಅಂಶ ಉಂಟು. ಬೆಣ್ಣೆಯನ್ನೂ ಹಾಲನ್ನೂ ಬೇರೆಯಾಗಲು ಬಿಡದೆ ಹಿಡಿದಿಡುವುದು ಅದರ ಕೆಲಸ. ಅಂಗಡಿಯಲ್ಲಿ ಸಿಗುವ ‘ಕೇಕ್ ಜೆಲ್’ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಎರಡು ಇಡೀ ಮೊಟ್ಟೆಯ ಜೊತೆ ಇನ್ನೆರಡು ಮೊಟ್ಟೆಯ ಹಳದಿ ಮಾತ್ರ ಸೇರಿಸಿದರೆ ಜೆಲ್ಲೂ ಬೇಡ, ಬಣ್ಣವೂ ಬೇಡ. ಉಳಿದ ಎರಡು ಬಿಳಿಯನ್ನು ಚೆಲ್ಲಬೇಡಿ, ಕಟ್ಲೆಟ್ ಅದ್ದಲು ಆಗುತ್ತದೆ.

ಪ್ಯಾಕೆಟಿನ ಹಿಂಬದಿ ಓದಿ

ಕೇಕ್ ಜೆಲ್, ಪ್ರೀಮಿಕ್ಸ್‌ಗಳ ಹಿಂಬದಿಯಲ್ಲಿ ಐಎನ್‌ಎಸ್ 471 ಎಂಬ ನಂಬರ್ ಆಗಾಗ ಕಾಣುತ್ತದೆ. ಇದು ಕೊಬ್ಬಿನಿಂದ ಬರುವ ಪದಾರ್ಥ. ಆ ಕೊಬ್ಬು ಸಸ್ಯದ್ದೂ ಆಗಬಹುದು, ಪ್ರಾಣಿಯದ್ದೂ ಆಗಬಹುದು. ನಂಬರ್ ನೋಡಿದರೆ ಗೊತ್ತಾಗದು. ನಮ್ಮ ದೇಶದ ಪ್ಯಾಕೆಟ್‌ಗಳಲ್ಲಿ ಹಸಿರು ಗುರುತು ಇದ್ದರೆ ಪ್ರಾಣಿ ಮೂಲದ್ದಲ್ಲ ಎಂದು ಅರ್ಥ. ಕಂದು ಗುರುತು ಇದ್ದ ಕೂಡಲೇ ಹರಾಂ ಎಂದು ಗಾಬರಿಯಾಗಬೇಕಿಲ್ಲ. ಬರೀ ಮೊಟ್ಟೆ ಇದ್ದರೂ ಕಂದು ಗುರುತೇ ಹಾಕುತ್ತಾರೆ. ಏನು ಸೇರಿದೆ ಎಂದು ಪಟ್ಟಿ ಓದಿ, ಹಲಾಲ್ ಮುದ್ರೆ ಉಂಟಾ ನೋಡಿ.

ವೆನಿಲ್ಲಾದಲ್ಲೂ ಒಂದು ಸೂಕ್ಷ್ಮ ಇದೆ. ವೆನಿಲ್ಲಾ ಕೋಡಿನಿಂದ ತೆಗೆಯುವ ‘ಎಕ್ಸ್‌ಟ್ರಾಕ್ಟ್’ ಸಾಮಾನ್ಯವಾಗಿ ಆಲ್ಕೋಹಾಲಿನಲ್ಲಿ ತಯಾರಾಗುತ್ತದೆ. ಎಸೆನ್ಸ್‌ಗಳಲ್ಲಿ ಕೆಲವಕ್ಕೆ ಆಲ್ಕೋಹಾಲ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಹಸಿರು ಗುರುತು ಈ ಬಗ್ಗೆ ಏನೂ ಹೇಳುವುದಿಲ್ಲ. ಈ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನ ಅಭಿಪ್ರಾಯಗಳಿವೆ, ನಿಮ್ಮ ಮೊಹಲ್ಲಾದ ಖತೀಬರಲ್ಲಿ ಕೇಳಿಕೊಳ್ಳಿ. ಸಂಶಯವೇ ಬೇಡ ಅನ್ನುವವರಿಗೆ ದಾರಿ ನಮ್ಮ ಅಡುಗೆಮನೆಯಲ್ಲೇ ಉಂಟು. ಅರ್ಧ ಸಣ್ಣ ಚಮಚ ಏಲಕ್ಕಿ ಪುಡಿ ಹಾಕಿದರೆ ಮೊಟ್ಟೆಯ ವಾಸನೆಯೂ ಹೋಗುತ್ತದೆ, ಪರಿಮಳವೂ ಬರುತ್ತದೆ.

ಬೇಕಾಗುವ ಸಾಮಾನು (8 ಇಂಚಿನ ಒಂದು ಟಿನ್‌ಗೆ)

ಮೈದಾ: 150 ಗ್ರಾಂ
ಕಾರ್ನ್‌ಫ್ಲೋರ್: 2 ದೊಡ್ಡ ಚಮಚ
ಬೇಕಿಂಗ್ ಪೌಡರ್: ಒಂದೂವರೆ ಸಣ್ಣ ಚಮಚ
ಸಕ್ಕರೆ: 170 ಗ್ರಾಂ (ತೂಕ ಮಾಡಿದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ)
ಬೆಣ್ಣೆ: 100 ಗ್ರಾಂ
ವಾಸನೆ ಇಲ್ಲದ ಅಡುಗೆ ಎಣ್ಣೆ: 2 ದೊಡ್ಡ ಚಮಚ
ಮೊಟ್ಟೆ: 2 ಇಡೀ, ಜೊತೆಗೆ 2 ಮೊಟ್ಟೆಯ ಹಳದಿ ಮಾತ್ರ
ಹಾಲು: 90 ಮಿ.ಲೀ., ಅದಕ್ಕೆ 2 ದೊಡ್ಡ ಚಮಚ ಮೊಸರು ಕಲಸಿಡಿ
ಏಲಕ್ಕಿ ಪುಡಿ ಅಥವಾ ವೆನಿಲ್ಲಾ
ಉಪ್ಪು: ಒಂದು ಚಿಟಿಕೆ (ಬೆಣ್ಣೆಯಲ್ಲೇ ಉಪ್ಪು ಇದ್ದರೆ ಬೇಡ)

ದೊಡ್ಡ ಚಮಚ ಅಂದರೆ 15 ಮಿ.ಲೀ., ಸಣ್ಣದು 5 ಮಿ.ಲೀ. ಕಪ್‌ಗಿಂತ ತಕ್ಕಡಿ ನಂಬಿ. ಕಪ್ಪಿನಲ್ಲಿ ಮೈದಾವನ್ನು ಒತ್ತಿ ತುಂಬಿಸಿದರೆ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಕೇಕ್ ಗಟ್ಟಿಯಾಗಲು ಅಷ್ಟೇ ಸಾಕು.

ಮಾಡುವ ಕ್ರಮ

ಮೊಟ್ಟೆ, ಹಾಲು ಫ್ರಿಜ್ಜಿನಿಂದ ಮೊದಲೇ ಹೊರಗಿಡಿ. ತಣ್ಣಗಿನ ಮೊಟ್ಟೆ ಹಾಕಿದರೆ ಬೆಣ್ಣೆ ಒಡೆದು ಮಿಶ್ರಣ ಮೊಸರಿನ ಹಾಗೆ ಆಗುತ್ತದೆ. ಬೆಣ್ಣೆಯ ವಿಷಯದಲ್ಲಿ ಮಾತ್ರ ಕರಾವಳಿಯವರು ಎಚ್ಚರ ಇರಬೇಕು. ಚಳಿ ದೇಶದ ಪುಸ್ತಕಗಳಲ್ಲಿ ‘ಬೆಣ್ಣೆ ಕೋಣೆಯ ಉಷ್ಣಾಂಶಕ್ಕೆ ಬರಲಿ’ ಎಂದು ಬರೆದಿರುತ್ತದೆ. ಅಲ್ಲಿನ ಕೋಣೆ ಅಂದರೆ ಸುಮಾರು 20 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಅಷ್ಟು ಹೊತ್ತು ಇಟ್ಟರೆ ಬೆಣ್ಣೆ ಎಣ್ಣೆಯಾಗಿ ಹೋಗುತ್ತದೆ, ಎಣ್ಣೆಯಾದ ಬೆಣ್ಣೆ ಗಾಳಿ ಹಿಡಿಯುವುದಿಲ್ಲ. ಹತ್ತು-ಹದಿನೈದು ನಿಮಿಷ ಸಾಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಹೊಳೆಯಬಾರದು.

ಮೈದಾ, ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್, ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಟಿನ್‌ಗೆ ಬೆಣ್ಣೆ ಸವರಿ ಅಡಿಗೆ ಕಾಗದ ಹಾಸಿ. ಓವನ್ 170 ಡಿಗ್ರಿಗೆ ಕಾಯಲಿ.

ಬೆಣ್ಣೆ, ಸಕ್ಕರೆಯನ್ನು ಬೀಟರ್‌ನಲ್ಲಿ ಐದು ನಿಮಿಷ ಬೀಟ್ ಮಾಡಿ. ಹಳದಿ ಬೆಣ್ಣೆ ಬಿಳಿಚಿಕೊಂಡು ಉಬ್ಬಬೇಕು. ಕೇಕ್ ಹಗುರವಾಗುವುದು ಇಲ್ಲಿ ಸೇರುವ ಗಾಳಿಯಿಂದ. ಬೇಕಿಂಗ್ ಪೌಡರ್ ಆ ಗಾಳಿಯ ಗುಳ್ಳೆಯನ್ನು ದೊಡ್ಡದು ಮಾಡುತ್ತದೆ ಅಷ್ಟೇ. ನಂತರ ಎಣ್ಣೆ ಸೇರಿಸಿ. ಮೊಟ್ಟೆ, ಹಳದಿಗಳನ್ನು ಒಂದೊಂದಾಗಿ ಹಾಕಿ, ಒಂದು ಪೂರ್ತಿ ಬೆರೆತ ಮೇಲೆ ಇನ್ನೊಂದು. ಏಲಕ್ಕಿ ಹಾಕಿ.

ಇಲ್ಲಿಂದ ಬೀಟರ್ ಬದಿಗಿಡಿ. ಜರಡಿ ಹಿಡಿದ ಹಿಟ್ಟನ್ನು ಮೂರು ಸಲಕ್ಕೆ, ನಡುನಡುವೆ ಹಾಲನ್ನು ಎರಡು ಸಲಕ್ಕೆ ಹಾಕುತ್ತಾ ಮರದ ಸೌಟಿನಿಂದ ಮೆಲ್ಲ ಕಲಸಿ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಹಿಟ್ಟು ಹಾಕಿದ ಮೇಲೆ ಜಾಸ್ತಿ ಕಲಸಿದಷ್ಟು ಮೈದಾದಲ್ಲಿ ಅಂಟು ಹುಟ್ಟುತ್ತದೆ. ಪರೋಟಕ್ಕೆ ಅದು ಬೇಕು, ಕೇಕಿಗೆ ಬೇಡ. ಕಾರ್ನ್‌ಫ್ಲೋರ್ ಸೇರಿಸಿದ್ದೂ ಆ ಅಂಟನ್ನು ಕಡಿಮೆ ಮಾಡಲಿಕ್ಕೇ.

ಟಿನ್‌ಗೆ ಸುರಿದು, ಓವನ್‌ನ ನಡುವಿನ ತಟ್ಟೆಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಮೊದಲ 25 ನಿಮಿಷ ಬಾಗಿಲು ತೆಗೆಯಬೇಡಿ. ನಡುವಿಗೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು, ಒಂದೆರಡು ತೇವದ ತುಣುಕು ಅಂಟಿದರೆ ಅದೇ ಸರಿಯಾದ ಹದ.

ಓವನ್ ಇಲ್ಲದವರಿಗೆ

ದಮ್ ಬಿರಿಯಾನಿಗೆ ಕೆಳಗೆ ಬೆಂಕಿ, ಮುಚ್ಚಳದ ಮೇಲೆ ಕೆಂಡ ಇಡುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಓವನ್ ಮಾಡುವುದೂ ಅದನ್ನೇ. ಅಡಿ ದಪ್ಪದ ದೊಡ್ಡ ಪಾತ್ರೆಯಲ್ಲಿ ಒಂದು ಪದರ ಉಪ್ಪು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಟಿನ್ ಒಳಗಿಟ್ಟ ಮೇಲೆ ಉರಿ ಸಣ್ಣದು ಮಾಡಿ 45ರಿಂದ 50 ನಿಮಿಷ ಬಿಡಿ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆಯಲೇಬೇಕು, ನೀರು ಹಾಕಬಾರದು. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ಏನೂ ಕೊರತೆ ಇಲ್ಲ.

ಒಣಗುವುದು ಯಾಕೆ?

ಹೆಚ್ಚಿನ ಕೇಕ್ ಒಣಗುವುದು ಐದು ನಿಮಿಷ ಜಾಸ್ತಿ ಬೆಂದದ್ದಕ್ಕೆ. ಎರಡನೇ ಕಾರಣ ಸಕ್ಕರೆ ಕಡಿಮೆ ಮಾಡುವುದು. ಸಕ್ಕರೆ ಸಿಹಿಗೆ ಮಾತ್ರವಲ್ಲ, ನೀರಿನಂಶ ಹಿಡಿದಿಡಲೂ ಬೇಕು. ಸಿಹಿ ಬೇಡದವರು ತುಂಡು ಸಣ್ಣದು ಮಾಡಲಿ. ಮೂರನೆಯದು ಫ್ರಿಜ್. ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಬಿರುಸಾಗುವ ಹಾಗೆಯೇ ಕೇಕೂ ಬಿರುಸಾಗುತ್ತದೆ. ಟಿನ್‌ನಲ್ಲಿ ಹತ್ತು ನಿಮಿಷ ಬಿಟ್ಟು ಹೊರತೆಗೆದು, ಬಿಸಿ ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಹೊರಗೇ ಇಡಿ. ನಮ್ಮ ಸೆಕೆಯಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಕ್ರೀಮ್ ಹಾಕಿದ್ದು ಮಾತ್ರ ಫ್ರಿಜ್ಜಿನಲ್ಲೇ ಇರಬೇಕು, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದರಾಯಿತು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಬೇಕಿಂಗ್ ಪೌಡರ್ ತೇವ ಎಳೆದು ಸತ್ತು ಹೋಗುತ್ತದೆ. ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ಜೋರಾಗಿ ನೊರೆ ಬಂದರೆ ಉಪಯೋಗಿಸಿ, ಇಲ್ಲದಿದ್ದರೆ ಹೊಸ ಡಬ್ಬ ತನ್ನಿ.

ಮಾರುವವರಿಗೆ ಎರಡು ಮಾತು

ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವ್ಯಾಪಾರಕ್ಕೆ ಮೂಲ ನೋಂದಣಿ ಸಾಕು. ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ನಂಬರ್ ಸಿಗುತ್ತದೆ. ಡಬ್ಬದ ಮೇಲೆ ಆ ನಂಬರ್, ತಯಾರಿಸಿದ ದಿನ, ಹಾಕಿದ ಸಾಮಾನಿನ ಪಟ್ಟಿ ಬರೆದರೆ ಗಿರಾಕಿಗೆ ಧೈರ್ಯ.

ಇನ್ನು ಲೆಕ್ಕ. ಮೊಟ್ಟೆ, ಬೆಣ್ಣೆಯ ಬೆಲೆ ಎಲ್ಲರೂ ಬರೆದಿಡುತ್ತಾರೆ. ಕರೆಂಟ್, ಡಬ್ಬ, ಡೆಲಿವರಿ ಬಿಟ್ಟುಹೋಗುತ್ತದೆ. 1500 ವಾಟ್‌ನ ಓವನ್ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್‌ವರೆಗೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು ಮನೆಯಾಕೆಯ ಎರಡು ಗಂಟೆಯ ದುಡಿಮೆ. ಅದಕ್ಕೂ ಒಂದು ಬೆಲೆ ಹಾಕಿ. ಸಂಬಂಧಿಕರು ಅಂತ ಹಾಕಿದ ಅಸಲಿಗೇ ಕೊಡುತ್ತಾ ಹೋದರೆ ಆರು ತಿಂಗಳಲ್ಲಿ ಓವನ್ ಅಟ್ಟ ಸೇರುತ್ತದೆ.

ಈ ಒಂದು ಕೇಕ್ ಕೈಗೆ ಹತ್ತಿದರೆ ಇದರ ಮೇಲೆ ಚಾಕೊಲೇಟ್, ಕಿತ್ತಳೆ, ಖರ್ಜೂರ ಯಾವುದು ಬೇಕಾದರೂ ಕಟ್ಟಬಹುದು. ಒಳಗೆ ಏನೇನು ಹಾಕಿದ್ದೀರಿ ಎಂದು ಯಾರಾದರೂ ಕೇಳಿದರೆ ಪ್ಯಾಕೆಟ್ ಹುಡುಕಬೇಕಾಗಿಲ್ಲ. ಬಿಸ್ಮಿ ಹೇಳಿ ನೀವೇ ಅಳೆದು ಹಾಕಿದ್ದಲ್ವಾ, ನೀವೇ ಹೇಳಬಹುದು.