ಒಂದೊಡಲಿನ ಹಾಯಿದೋಣಿ

1969ರ ಏಪ್ರಿಲ್ 22ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಪುಟ್ಟ ಹಾಯಿದೋಣಿಯೊಂದು ಬಂದು ಸೇರಿತು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ, 32 ಅಡಿ ಉದ್ದದ ಆ ದೋಣಿಯ ಹೆಸರು ‘ಸುಹೈಲಿ’. ಅದರಲ್ಲಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬಂಟಿಯಾಗಿ, ಎಲ್ಲಿಯೂ ಬಂದರು ಹಿಡಿಯದೆ, 312 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಿದ್ದರು. ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಸ್ಪರ್ಧೆಗೆ ಹೊರಟವರು ಒಂಬತ್ತು ಮಂದಿ; ಮುಗಿಸಿದವರು ಇವರೊಬ್ಬರೇ.

ಹಾಯಿಗೆ ಬಡಿದ ಗಾಳಿ ದೋಣಿಯನ್ನು ಮುಂದಕ್ಕೆ ಒಯ್ಯುವುದಲ್ಲದೆ ಪಕ್ಕಕ್ಕೂ ವಾಲಿಸುತ್ತದೆ. ಇದನ್ನು ತಡೆಯಲು ಎರಡು ಉಪಾಯಗಳುಂಟು: ಒಂದು ತೂಕ, ಇನ್ನೊಂದು ಅಗಲ. ಸುಹೈಲಿಯಂತಹ ಒಂದೊಡಲಿನ ದೋಣಿಗೆ ತೂಕವೇ ಆಧಾರ. ಅದರ ತಳದಲ್ಲಿ ‘ಕೀಲ್’ ಎಂಬ ಭಾಗವು ನೀರಿನೊಳಕ್ಕೆ ಇಳಿದಿರುತ್ತದೆ; ಅಲ್ಲಿ ಕಬ್ಬಿಣವನ್ನೋ ಸೀಸವನ್ನೋ ಇರಿಸಿರುತ್ತಾರೆ. ಬುಡ ಭಾರವಾದ ಆಟದ ಗೊಂಬೆಯನ್ನು ನೀವು ನೋಡಿರಬಹುದು. ಎಷ್ಟು ಬೀಳಿಸಿದರೂ ಅದು ಮತ್ತೆ ಎದ್ದು ನಿಲ್ಲುತ್ತದೆ. ಸುಹೈಲಿಯೂ ಅಷ್ಟೆ; ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಮಗ್ಗುಲಾಗಿ ಬಿದ್ದು, ಮರಳಿ ಎದ್ದಿತು.

ಎರಡು ಅಥವಾ ಮೂರು ಒಡಲುಗಳ ದೋಣಿಯದು ಬೇರೆ ರೀತಿ. ಅದು ಕಾಲು ಅಗಲಿಸಿ ನಿಂತ ಕುಸ್ತಿಪಟುವಿನಂತೆ. ಸುಲಭವಾಗಿ ವಾಲುವುದಿಲ್ಲ. ಭಾರದ ಕೀಲ್ ಬೇಕಿಲ್ಲವಾದ್ದರಿಂದ ಹಗುರ. ಒಡಲುಗಳು ಸಪೂರವಾದ್ದರಿಂದ ನೀರನ್ನು ಸಲೀಸಾಗಿ ಸೀಳುತ್ತವೆ. 2017ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಜೋಯೋನ್ ತಮ್ಮ ಸಂಗಡಿಗರೊಡನೆ ಮೂರೊಡಲಿನ ದೋಣಿಯಲ್ಲಿ 41 ದಿನಗಳೊಳಗೆ ಭೂಮಿಯನ್ನು ಸುತ್ತಿದರು. (ಎರಡೊಡಲಿನ ದೋಣಿಗೆ ಇಂಗ್ಲಿಷಿನಲ್ಲಿರುವ ‘ಕ್ಯಾಟಮರಾನ್’ ಎಂಬ ಹೆಸರು ತಮಿಳಿನ ‘ಕಟ್ಟುಮರ’ದಿಂದ ಹೋದದ್ದು. ನಮಗೂ ಅರ್ಥವಾಗುವ ಮಾತೇ! ಆದರೆ ಮೂಲದ ಕಟ್ಟುಮರವು ದಿಮ್ಮಿಗಳನ್ನು ಬಿಗಿದು ಮಾಡಿದ ತೆಪ್ಪ.)

ಆದರೆ ಅಗಲದ ಬಲಕ್ಕೆ ಒಂದು ಮಿತಿಯಿದೆ. ಒಂದು ಬದಿ ನೀರಿನಿಂದ ತೀರ ಮೇಲೆದ್ದರೆ ದೋಣಿ ಪೂರ್ತಿ ಮಗುಚುತ್ತದೆ. ಬಹುಮಟ್ಟಿಗೆ ತೇಲುತ್ತಲೇ ಇದ್ದರೂ ತಾನಾಗಿ ಏಳಲಾರದು. ಒಡಲುಗಳನ್ನು ಜೋಡಿಸುವ ಭಾಗಗಳ ಮೇಲೆ ಅಲೆಗಳ ಹೊಡೆತವೂ ಹೆಚ್ಚು. 1969ರ ಅದೇ ಸ್ಪರ್ಧೆಯಲ್ಲಿ ನೈಜೆಲ್ ಟೆಟ್ಲಿಯವರ ಮೂರೊಡಲಿನ ‘ವಿಕ್ಟ್ರೆಸ್’ ಗುರಿಯತ್ತ ಧಾವಿಸುತ್ತಿದ್ದಾಗ, ಪಕ್ಕದ ಒಡಲಿನ ಮುಂಭಾಗ ಕಳಚಿ ನಡುವಿನ ಒಡಲನ್ನು ತೂತು ಮಾಡಿತು. ದೋಣಿ ಮುಳುಗಿತು, ಅವರು ಬದುಕಿ ಬಂದರು.

2018ರ ಸೆಪ್ಟೆಂಬರ್ 21ರಂದು ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿಯವರು ಸುಹೈಲಿಯ ಮಾದರಿಯಲ್ಲೇ ಕಟ್ಟಿದ ‘ತುರೀಯಾ’ ದೋಣಿಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿದ್ದರು. ಬಿರುಗಾಳಿಗೆ ದೋಣಿ ಉರುಳಿ ಹಾಯಿಕಂಬ ಮುರಿಯಿತು. ಅವರ ಬೆನ್ನೆಲುಬಿಗೆ ತೀವ್ರವಾದ ಪೆಟ್ಟಾಯಿತು. ಆದರೆ ತುರೀಯಾ ಮತ್ತೆ ನೆಟ್ಟಗಾಯಿತು. 24ರಂದು ಫ್ರಾನ್ಸಿನ ಹಡಗೊಂದು ತಲುಪುವವರೆಗೆ, ಅಲುಗಾಡಲಾರದ ತನ್ನ ನಾವಿಕನನ್ನು ಒಳಗಿರಿಸಿಕೊಂಡು ಅದು ತೇಲುತ್ತಿತ್ತು.