ಮನಸ್ಸಿನ ಮೇಲೆ ಪ್ರಯೋಗ: ಒಪ್ಪುವ ಮುನ್ನ ಕೇಳಿ

“ಸೂಜಿ ಚುಚ್ಚುವುದಿಲ್ಲ, ಮಾತ್ರೆ ಕೊಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರಂತೆ. ಮಗಳು ಸಹಿ ಹಾಕಬಹುದೇ ಡಾಕ್ಟ್ರೇ?” ಕಾಲೇಜಿಗೆ ಹೋಗುವ ಮಕ್ಕಳಿರುವ ಪಾಲಕರು ಹೀಗೆ ಕೇಳುವುದುಂಟು. ಹೊಸ ಔಷಧಿಯ ಪ್ರಯೋಗವೆಂದರೆ ಹೆದರುವ ನಾವು ಮನಶ್ಶಾಸ್ತ್ರದ ಪ್ರಯೋಗವೆಂದರೆ ಆಟವೆಂದುಕೊಳ್ಳುತ್ತೇವೆ. ಆದರೆ ಮೈಗೆ ಗಾಯವಾಗದೆಯೂ ಮನಸ್ಸಿಗೆ ಪೆಟ್ಟಾಗಬಹುದು.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞರು ಆರಂಭಿಸಿದ ಪ್ರಯೋಗವನ್ನೇ ನೋಡಿ. ನೆನಪಿನ ಶಕ್ತಿಯ ಅಧ್ಯಯನವೆಂದು ಜಾಹೀರಾತು ಕೊಟ್ಟು ಜನರನ್ನು ಕರೆಸಿದರು. ಒಂದು ಗಂಟೆಗೆ 4 ಡಾಲರ್, ಜೊತೆಗೆ ಬಸ್ ಖರ್ಚಿಗೆ 50 ಸೆಂಟ್. ಬಂದವರು ಮೇಷ್ಟ್ರು, ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದವ ವಿದ್ಯಾರ್ಥಿ. ಅವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಸ್ವಿಚ್ ಒತ್ತಿ ಕರೆಂಟ್ ಶಾಕ್ ಕೊಡಬೇಕು, 15 ವೋಲ್ಟ್‌ನಿಂದ 450ರವರೆಗೆ ಏರಿಸುತ್ತ. ನಿಜವಾಗಿ ಶಾಕ್ ಇರಲೇ ಇಲ್ಲ, ವಿದ್ಯಾರ್ಥಿ ನಟಿಸುತ್ತಿದ್ದ. ಬಂದವರಿಗೆ ಮಾತ್ರ ಇದು ತಿಳಿಯದು. ದೊಡ್ಡವರ ಅಪ್ಪಣೆಗೆ ಮನುಷ್ಯ ಎಷ್ಟು ದೂರ ತಲೆಬಾಗುತ್ತಾನೆ ಎಂಬುದೇ ಅಲ್ಲಿನ ಪರೀಕ್ಷೆ.

1963ರ ವರದಿಯಂತೆ 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದರು. ಸಂತೋಷದಿಂದಲ್ಲ. ಬೆವರಿದರು, ನಡುಗಿದರು, ತೊದಲಿದರು. ಒಬ್ಬರಂತೂ ಫಿಟ್ಸ್ ಬಂದವರಂತೆ ಅದುರತೊಡಗಿದ್ದರಿಂದ ಅಲ್ಲಿಗೇ ನಿಲ್ಲಿಸಬೇಕಾಯಿತು. “ಸಾಕು” ಎಂದವರನ್ನು ಮುಂದುವರಿಸಲೇಬೇಕೆಂದು ಮೇಲ್ವಿಚಾರಕ ಒತ್ತಾಯಿಸುತ್ತಿದ್ದ.

1964ರಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಖಂಡಿಸಿದರು. ಆಮೇಲೆ ವಿಚಾರಿಸಿದಾಗ ಉತ್ತರಿಸಿದವರಲ್ಲಿ ಶೇ. 84ರಷ್ಟು ಮಂದಿ ಭಾಗವಹಿಸಿದ್ದಕ್ಕೆ ಸಂತೋಷವಿದೆ ಎಂದರೆಂದು ಮಿಲ್‌ಗ್ರಾಂ ಸಮರ್ಥಿಸಿಕೊಂಡರು. ಇರಬಹುದು. ಆದರೆ “ನಾನು ಇಷ್ಟು ಕ್ರೂರಿಯೇ?” ಎಂಬ ಪ್ರಶ್ನೆ ಹೊತ್ತು ಮನೆಗೆ ಹೋಗಲು ಅವರಾರೂ ಒಪ್ಪಿ ಬಂದಿರಲಿಲ್ಲ. ರೋಗಿ ಗುಣವಾದ ಮಾತ್ರಕ್ಕೆ ಕೇಳದೆ ಹೊಟ್ಟೆ ಕೊಯ್ದದ್ದು ಸರಿಯಾಗುತ್ತದೆಯೇ?

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆರೋಗ್ಯಕ್ಕೆ ಸಂಬಂಧಿಸಿದ ಮಾನಸಿಕ, ಸಾಮಾಜಿಕ ಸಂಶೋಧನೆಗಳನ್ನೂ ಒಳಗೊಂಡಿದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಭಾಗವಹಿಸುವವರು ವಿಷಯ ತಿಳಿದು ಸಮ್ಮತಿಸಬೇಕು. ಮೊದಲೇ ಎಲ್ಲ ಹೇಳಿದರೆ ಅಧ್ಯಯನ ಕೆಡುವಂತಿದ್ದರೆ ಕೆಲವು ಸಂಗತಿಗಳನ್ನು ಮುಚ್ಚಿಡಲು ಕಮಿಟಿ ಅನುಮತಿ ಕೊಡಬಹುದು. ಆದರೆ ಮುಗಿದ ಮೇಲೆ ನಿಜ ತಿಳಿಸಲೇಬೇಕು.

ಆದ್ದರಿಂದ ಸಹಿಗೆ ಮುನ್ನ ಇಷ್ಟು ಕೇಳಿ:

* ಏನು ಮಾಡಿಸುತ್ತಾರೆ, ಎಷ್ಟು ಹೊತ್ತು? ಎಥಿಕ್ಸ್ ಕಮಿಟಿ ಒಪ್ಪಿದೆಯೇ?

* ಹೇಳಿಕೊಂಡ ವಿಷಯ ಯಾರ ಕೈ ಸೇರುತ್ತದೆ? ಹೆಸರು ಗುಟ್ಟಾಗಿರುತ್ತದೆಯೇ?

* ಆಮೇಲೆ ಮನಸ್ಸು ಕೆಟ್ಟರೆ ಯಾರನ್ನು ಕಾಣಬೇಕು?

* ನಡುವೆ ಎದ್ದು ಬರಬಹುದೇ?

ಹದಿನೆಂಟು ತುಂಬದವರಾದರೆ ಪಾಲಕರ ಸಮ್ಮತಿಯೂ ಬೇಕಾಗುತ್ತದೆ. ಖಿನ್ನತೆ, ಆತಂಕಗಳಿಗೆ ಚಿಕಿತ್ಸೆ ಪಡೆಯುತ್ತಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಪ್ರಯೋಗದ ನಂತರ ನಿದ್ದೆ ಬಾರದಿದ್ದರೆ, ಅದೇ ಯೋಚನೆ ಕಾಡುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ.

ಒಳ್ಳೆಯ ಸಂಶೋಧನೆ ಬೇಕು, ಅದಕ್ಕೆ ಜನರೂ ಬೇಕು. ಹೋಗಬೇಡ ಎಂದು ಮಕ್ಕಳನ್ನು ತಡೆಯಬೇಡಿ. ಒಂದು ಮಾತು ಮಾತ್ರ ಹೇಳಿ ಕಳಿಸಿ: “ಬೇಡವೆನಿಸಿದರೆ ಎದ್ದು ಬಾ. ಮೇಷ್ಟ್ರು ಏನೆಂದುಕೊಳ್ಳುತ್ತಾರೋ ಎಂದು ಕೂರಬೇಡ.” ಯೇಲ್‌ನಲ್ಲಿ ನಡುಗುತ್ತಲೇ 450ರವರೆಗೆ ಹೋದವರಿಗೆ ಎದ್ದು ಬರಲು ಬಾಗಿಲಿತ್ತು, ಎದ್ದು ಬರಬಹುದೆಂದು ಹೇಳುವವರಿರಲಿಲ್ಲ.